ಕೂದಲು ಮತ್ತು ನೀರು: ಶೇವಿಂಗ್ ಬ್ರಷ್ ಆರಿಸುವ ಬಗ್ಗೆ

ನಾಲ್ಕು ಬ್ರಷ್ ತಂದಿದ್ದೇನೆ. ಎಲ್ಲವನ್ನೂ ಸೋಪು ಹಾಕಿ ತೊಳೆದು ಒಣಗಿಸಿದ್ದೇನೆ, ಚಿಂತೆ ಬೇಡ. ಮುಂದಿನ ಸಾಲಿನಿಂದ ಒಂದೊಂದಾಗಿ ಹಿಂದಕ್ಕೆ ದಾಟಿಸುತ್ತಾ ಹೋಗಿ. ಮುಖಕ್ಕೆ ಮುಟ್ಟಿಸಬೇಡಿ, ಮುಂಗೈ ಮೇಲೆ ಒತ್ತಿ ನೋಡಿದರೆ ಸಾಕು. ಹಿಡಿಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ಚೀಟಿ ಅಂಟಿಸಿದ್ದೇನೆ. ಯಾವುದು ಯಾವ ಕೂದಲು ಅಂತ ಈಗಲೇ ಹೇಳುವುದಿಲ್ಲ. ನಿಮಗೆ ಅನ್ನಿಸಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಅಂಗಡಿಯಲ್ಲಿ ನಾವು ಮಾಡುವುದೂ ಇಷ್ಟೇ ಅಲ್ವಾ? ಒಣ ಬ್ರಷ್ ಎತ್ತಿಕೊಂಡು ಹೆಬ್ಬೆರಳಲ್ಲಿ ಸವರುತ್ತೇವೆ. ಮೆತ್ತಗಿದ್ದರೆ ಒಳ್ಳೆಯದು, ಚುಚ್ಚಿದರೆ ಕೆಟ್ಟದ್ದು. ಆದರೆ ಒಣ ಬ್ರಷ್‌ನಲ್ಲಿ ಯಾರೂ ಶೇವ್ ಮಾಡುವುದಿಲ್ಲ. ಒಣಗಿದ್ದಾಗ ಮುಳ್ಳಿನ ಹಾಗಿರುವ ಕೂದಲು ನೀರಿನಲ್ಲಿ ನೆನೆದ ಮೇಲೆ ಬೇರೆಯೇ ಆಗುತ್ತದೆ. ಅದಕ್ಕೇ ನಾನು ಹೇಳುವುದು: ಬ್ರಷ್ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಈ ಕೂದಲು ನೀರನ್ನು ಏನು ಮಾಡುತ್ತದೆ? ಈ ಕೂದಲು ಎಲ್ಲಿಂದ ಬಂತು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮೆತ್ತಗೆ, ಗಟ್ಟಿ ಎಲ್ಲ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಮೊದಲು ನೀರಿನ ವಿಷಯ. ಗಡ್ಡದ ಕೂದಲು ಒಣಗಿದ್ದಾಗ ಬಹಳ ಗಟ್ಟಿ. ಎರಡು ಮೂರು ನಿಮಿಷ ಬೆಚ್ಚಗಿನ ನೀರು ತಾಗಿದರೆ ಅದು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬ್ಲೇಡಿಗೆ ಸುಲಭವಾಗಿ ಕಡಿಯುತ್ತದೆ. ಸ್ನಾನ ಮಾಡಿದ ಮೇಲೆ ಶೇವ್ ಹಿತವಾಗಿರುವುದು ಇದಕ್ಕೇ. ಆದರೆ ಮುಖದ ಮೇಲೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನೊರೆ. ಸೋಪು, ನೀರು, ಗಾಳಿ ಮೂರನ್ನೂ ಸೇರಿಸಿ ಆ ನೊರೆ ಮಾಡುವುದು ಬ್ರಷ್. ಜೊತೆಗೆ ಅದು ಗಡ್ಡದ ಬುಡದ ತನಕ ನೊರೆಯನ್ನು ತಳ್ಳುತ್ತದೆ, ಮಲಗಿದ ಕೂದಲನ್ನು ಎಬ್ಬಿಸುತ್ತದೆ. ಬೆರಳಲ್ಲಿ ಕ್ರೀಮ್ ಹಚ್ಚಿದರೆ ಮೇಲೆ ಒಂದು ಪದರ ಕೂರುತ್ತದೆ ಅಷ್ಟೇ. ಡಬ್ಬಿಯಿಂದ ಬುಸ್ಸೆಂದು ಬರುವ ಫೋಮ್‌ನಲ್ಲಿ ಗಾಳಿಯೇ ಜಾಸ್ತಿ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಹಲವು ವರ್ಷ ಮೈಸೂರಿನಲ್ಲಿ ಕಾವೇರಿ ನೀರಿನಲ್ಲಿ ಶೇವ್ ಮಾಡಿಕೊಂಡವನು ನಾನು. ಆಮೇಲೆ ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟಿಗೆ ಬಂದೆ. ಅಲ್ಲಿ ಬರೀ ಬೋರ್‌ವೆಲ್ ನೀರು. ಅದೇ ಬ್ರಷ್, ಅದೇ ಸೋಪು, ಅದೇ ಕೈ. ನೊರೆ ಮಾತ್ರ ಬರಲೇ ಇಲ್ಲ. ಬಂದದ್ದೂ ಕೆನ್ನೆಗೆ ಹಚ್ಚುವಷ್ಟರಲ್ಲಿ ಸತ್ತು ಹೋಗುತ್ತಿತ್ತು. ಕುತ್ತಿಗೆಯೆಲ್ಲ ಕೆಂಪಗೆ, ಉರಿ. ಒಂದು ತಿಂಗಳು ಬ್ರಷ್ ಕೆಟ್ಟಿತು ಅಂದುಕೊಂಡು ಹೊಸದು ತಂದೆ. ಅದರಲ್ಲೂ ಅದೇ ಕಥೆ. ಒಂದು ದಿನ ಕುಡಿಯುವ ನೀರಿನ ಫಿಲ್ಟರಿನಿಂದ ಒಂದು ಲೋಟ ತಂದು ಅದರಲ್ಲಿ ಮಾಡಿದೆ. ಮೊಸರು ಕಡೆದ ಹಾಗೆ ದಪ್ಪ ನೊರೆ ಬಂತು.

ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಅವು ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಒಂದು ಜಿಡ್ಡಿನ ಗಸಿ ಆಗುತ್ತವೆ. ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ಸೋಪಿನ ಒಂದಷ್ಟು ಪಾಲು ಅಲ್ಲೇ ಮುಗಿದು ಹೋಗುತ್ತದೆ, ನೊರೆಗೆ ಉಳಿಯುವುದಿಲ್ಲ. ಆ ಗಸಿ ಬ್ರಷ್‌ನ ಬುಡದಲ್ಲೂ ಕೂರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು, ಉತ್ತರ ಕರ್ನಾಟಕದ ಹಲವು ಊರಿನವರು ಇಲ್ಲಿ ತಲೆ ಆಡಿಸುತ್ತಿದ್ದೀರಿ, ನಿಮಗೆ ಇದು ಹೊಸತಲ್ಲ. ನಿಮ್ಮ ಮನೆಯ ನೀರು ಹೇಗಿದೆ ಅನ್ನುವುದು ಯಾವ ಬ್ರಷ್ ಅನ್ನುವುದಕ್ಕಿಂತ ಮೊದಲ ಮಾತು. ನೊರೆಗೆ ಬೇಕಾದ್ದು ಅರ್ಧ ಲೋಟ ನೀರು. ಅಷ್ಟನ್ನು ಫಿಲ್ಟರಿನಿಂದಲೋ ಮಳೆನೀರಿನ ತೊಟ್ಟಿಯಿಂದಲೋ ತೆಗೆದುಕೊಳ್ಳಿ.

ಸರಿ, ಈಗ ಒಂದನೇ ನಂಬರಿನ ಬ್ರಷ್ ಯಾರ ಕೈಯಲ್ಲಿದೆ? ಕೆನೆ ಬಣ್ಣದ ಕೂದಲು, ಒತ್ತಿದರೆ ಗಟ್ಟಿ, ಸ್ವಲ್ಪ ಚುಚ್ಚುತ್ತದೆ. ಅದು ಹಂದಿ ಕೂದಲು.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಒಣ ಬ್ರಷ್ ಮುಟ್ಟಿ ತೀರ್ಪು ಕೊಟ್ಟಾಗ ಅತಿ ಹೆಚ್ಚು ಅನ್ಯಾಯ ಆಗುವುದು ಇದಕ್ಕೇ. ಹಂದಿ ಕೂದಲು ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಇದು ನೀರನ್ನು ತನ್ನ ಒಳಗೇ ಕುಡಿಯುತ್ತದೆ. ಹಾಗಾಗಿ ಇದನ್ನು ಮೂರು ನಾಲ್ಕು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ನೀವು ಸ್ನಾನಕ್ಕೆ ಹೋಗುವಾಗ ಮಗ್ಗಿನಲ್ಲಿ ತುದಿ ಮುಳುಗುವಷ್ಟು ನೀರು ಹಾಕಿ ಬ್ರಷ್ ಇಟ್ಟು ಹೋಗಿ, ಬರುವಷ್ಟರಲ್ಲಿ ತಯಾರಾಗಿರುತ್ತದೆ. ನೆನೆಹಾಕದೆ ಸೋಪಿಗೆ ಉಜ್ಜಿದರೆ ನೊರೆಯಲ್ಲಿರುವ ನೀರನ್ನೇ ಅದು ಕುಡಿಯುತ್ತದೆ. ಮುಖದ ಮೇಲೆ ನೊರೆ ಒಣಗಿತು ಅಂತ ನೀವು ಸೋಪನ್ನು ಬೈಯುತ್ತೀರಿ.

ಎರಡನೆಯ ವಿಷಯ ಇನ್ನೂ ಚೆಂದ. ಹಂದಿ ಕೂದಲಿನ ತುದಿ ಬಳಸುತ್ತಾ ಬಳಸುತ್ತಾ ಸೀಳಿಕೊಳ್ಳುತ್ತದೆ. ಒಂದು ತುದಿ ಎರಡಾಗಿ ಮೂರಾಗಿ ಕವಲೊಡೆಯುತ್ತದೆ. ನಮ್ಮ ತಲೆಗೂದಲಿಗೆ ಹೀಗಾದರೆ ಬೇಸರ ಮಾಡಿಕೊಳ್ಳುತ್ತೇವೆ. ಇಲ್ಲಿ ಅದೇ ಬೇಕಾದದ್ದು. ಕವಲೊಡೆದ ತುದಿಗಳು ಮೆತ್ತಗಾಗುತ್ತವೆ, ನೊರೆಯನ್ನು ಹೆಚ್ಚು ಹಿಡಿಯುತ್ತವೆ. ಬುಡದ ಬಿಗಿ ಮಾತ್ರ ಹಾಗೇ ಉಳಿಯುತ್ತದೆ. ಹೊಸ ಹಂದಿ ಕೂದಲಿನ ಬ್ರಷ್ ಹದಕ್ಕೆ ಬರಲು ಕೆಲವು ವಾರ ಬೇಕು, ಕೆಲವಕ್ಕೆ ತಿಂಗಳುಗಳೇ ಬೇಕು. ಮೊದಮೊದಲು ಒದ್ದೆಯಾದಾಗ ಸ್ವಲ್ಪ ವಾಸನೆಯೂ ಬರುತ್ತದೆ, ನಾಲ್ಕೈದು ಸಲ ನೊರೆ ಮಾಡಿ ತೊಳೆದರೆ ಹೋಗುತ್ತದೆ. ಹೊಸ ಚಪ್ಪಲಿ ಕಾಲಿಗೆ ಒಗ್ಗುವ ಹಾಗೆ ಇದು ಮುಖಕ್ಕೆ ಒಗ್ಗಬೇಕು. ಒಗ್ಗಿದ ಮೇಲೆ ಗಟ್ಟಿ ಸೋಪಿನಿಂದ ನೊರೆ ತೆಗೆಯಲು ಇದರಷ್ಟು ಚುರುಕಾದ ಬ್ರಷ್ ಸಿಗುವುದು ಕಷ್ಟ. ಇಟಲಿಯ ಕ್ಷೌರದಂಗಡಿಗಳಲ್ಲಿ ಇವತ್ತಿಗೂ ಹಂದಿ ಕೂದಲಿನದ್ದೇ ರೂಢಿ. ಬೊಲೋನ್ಯಾದ ಒಮೇಗಾ ಕಂಪನಿ 1931ರಿಂದ ಮಾಡುತ್ತಾ ಬಂದಿದೆ. ದಟ್ಟ ಗಡ್ಡ, ಒರಟು ಚರ್ಮ, ಸೋಪು ಬಳಸುವ ಅಭ್ಯಾಸ ಇರುವವರಿಗೆ ಇದು ಒಳ್ಳೆಯ ಜೊತೆ.

ಆದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಹಂದಿ ಕೂದಲು ಬೇಡ. ಮುಸ್ಲಿಂ ಮನೆಗಳಲ್ಲಿ ಬೇಡ, ಜೈನರ ಮನೆಗಳಲ್ಲಿ ಬೇಡ, ಮಡಿ ಇಟ್ಟುಕೊಂಡ ಮನೆಗಳಲ್ಲೂ ಬೇಡ. ಇದು ಅವರವರ ನಂಬಿಕೆ, ಅದಕ್ಕೆ ಗೌರವ ಕೊಡಬೇಕು. ತೊಂದರೆ ಏನೆಂದರೆ ಡಬ್ಬಿಯ ಮೇಲೆ ‘ಹಂದಿ’ ಅಂತ ಬರೆದಿರುವುದು ಅಪರೂಪ. ‘ಪ್ಯೂರ್ ಬ್ರಿಸಲ್’ ಅಂತ ಇರುತ್ತದೆ. ‘ನ್ಯಾಚುರಲ್ ಬ್ರಿಸಲ್’ ಅಂತ ಇರುತ್ತದೆ. ಬ್ರಷ್ ವ್ಯಾಪಾರದಲ್ಲಿ ಬ್ರಿಸಲ್ ಅಂತ ಬರೀ ಹೇಳಿದರೆ ಅದು ಹಂದಿಯ ಒರಟು ಕೂದಲು ಅಂತಲೇ ಅರ್ಥ. ಗೊತ್ತಿಲ್ಲದೆ ಕೊಂಡು ಆಮೇಲೆ ನೊಂದುಕೊಂಡವರನ್ನು ನಾನು ನೋಡಿದ್ದೇನೆ. ಅನುಮಾನ ಇದ್ದರೆ ಉದುರಿದ ಒಂದು ಕೂದಲನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ಪ್ರಾಣಿಯ ಕೂದಲಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಪುಡಿ ಬೂದಿಯಾಗುತ್ತದೆ. ಪ್ಲಾಸ್ಟಿಕ್ ಎಳೆಯಾದರೆ ಕರಗಿ ತುದಿಯಲ್ಲಿ ಸಣ್ಣ ಮಣಿಯಂತೆ ಗಟ್ಟಿಯಾಗುತ್ತದೆ. ಯಾವ ಪ್ರಾಣಿ ಅಂತ ಇದರಿಂದ ಗೊತ್ತಾಗದು, ಪ್ರಾಣಿಯದ್ದು ಹೌದೋ ಅಲ್ಲವೋ ಅಂತ ಮಾತ್ರ ಗೊತ್ತಾಗುತ್ತದೆ.

ಹಂದಿ ಕೂದಲಿನ ಮಾತು ಬಂದಾಗ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಒಂದು ಕಾಲದಲ್ಲಿ ಜಗತ್ತಿನ ಒಳ್ಳೆಯ ಹಂದಿ ಕೂದಲು ಚೀನಾದ ಚೊಂಗ್‌ಚಿಂಗ್ ಕಡೆಯಿಂದ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆ ಚೀನಾದ ದಾರಿಗಳನ್ನೆಲ್ಲ ಮುಚ್ಚಿತು. ಅಮೆರಿಕದಲ್ಲಿ ಬ್ರಷ್ ಮಾಡಲು ಕೂದಲೇ ಇಲ್ಲ. ಹಡಗುಗಳಿಗೆ ಬಣ್ಣ ಬಳಿಯಲಿಕ್ಕೂ ಇದೇ ಕೂದಲು ಬೇಕಿತ್ತು. ಆಗ ಅಸ್ಸಾಮಿನ ವಿಮಾನ ನಿಲ್ದಾಣಗಳಿಂದ ಹಿಮಾಲಯ ದಾಟಿ ಚೀನಾಕ್ಕೆ ಯುದ್ಧ ಸಾಮಗ್ರಿ ಹೊತ್ತು ಹೋಗುತ್ತಿದ್ದ ವಿಮಾನಗಳು ವಾಪಸ್ ಬರುವಾಗ ಟಂಗ್‌ಸ್ಟನ್, ತವರದ ಜೊತೆ ಹಂದಿ ಕೂದಲಿನ ಗಂಟುಗಳನ್ನೂ ಹೊತ್ತು ತರುತ್ತಿದ್ದವು. ಪೈಲಟ್‌ಗಳು ಪ್ರಾಣ ಕಳೆದುಕೊಳ್ಳುತ್ತಿದ್ದ ದಾರಿ ಅದು. ಆ ದಾರಿಯಲ್ಲಿ ಬ್ರಷ್‌ನ ಕೂದಲು ಭಾರತಕ್ಕೆ ಬಂದು ಮುಂದೆ ಹೋಗುತ್ತಿತ್ತು. ಈ ಕೂದಲಿಗೆ ಬದಲಿ ಹುಡುಕಲೇಬೇಕು ಅನ್ನುವ ಒತ್ತಡ ನೈಲಾನಿಗೆ ಬಲ ಕೊಟ್ಟಿತು. ನೈಲಾನಿಗೆ ಆಮೇಲೆ ಬರುತ್ತೇನೆ.

ಎರಡನೇ ನಂಬರ್ ನೋಡಿದವರು ಕೈ ಎತ್ತಿ. ತುದಿ ಬಿಳಿ, ನಡುವೆ ಕಪ್ಪು ಪಟ್ಟಿ, ಬುಡದಲ್ಲಿ ಮತ್ತೆ ಬಿಳಿ. ಬ್ರಷ್‌ಗಳ ಬಗ್ಗೆ ಓದಿಕೊಂಡಿರುವ ಕೆಲವರು ‘ಬ್ಯಾಡ್ಜರ್’ ಅಂತ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಲ್ಲ. ಅದೂ ಹಂದಿ ಕೂದಲೇ. ನಡುವಿನ ಕಪ್ಪು ಪಟ್ಟಿ ಬಣ್ಣ ಹಾಕಿದ್ದು. ಕಣ್ಣಿಗೆ ಬ್ಯಾಡ್ಜರ್ ಕಾಣಲಿ ಅಂತ ಹಾಗೆ ಮಾಡುತ್ತಾರೆ. ‘ಇಮಿಟೇಶನ್ ಬ್ಯಾಡ್ಜರ್’ ಅಂತ ಹೇಳಿಯೇ ಮಾರುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಹೇಳದೆ ಮಾರಿದರೆ ಮೋಸ. ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ನಿಜವಾದ ಬ್ಯಾಡ್ಜರ್ ಕೂದಲು ನಡುವೆ ದಪ್ಪಗಿದ್ದು ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ, ತುದಿ ಸೀಳುವುದಿಲ್ಲ. ಇದರ ತುದಿ ಕವಲೊಡೆದಿದೆ. ಅಷ್ಟು ಸಾಕು.

ಬ್ಯಾಡ್ಜರ್ ಅಂದರೆ ಬಿಲ ತೋಡಿಕೊಂಡು ಬದುಕುವ ಒಂದು ಪ್ರಾಣಿ. ಯುರೋಪ್, ಏಷ್ಯಾದ ತಂಪು ಸೀಮೆಗಳಲ್ಲಿದೆ. ನಮ್ಮ ಕಾವೇರಿ ವನ್ಯಧಾಮದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ ತರಕರಡಿಯನ್ನು ಇಂಗ್ಲಿಷಿನಲ್ಲಿ ಹನಿ ಬ್ಯಾಡ್ಜರ್ ಅನ್ನುತ್ತಾರೆ, ಅದು ಬೇರೆ ಜಾತಿ, ಗೊಂದಲ ಬೇಡ. ಬ್ರಷ್‌ಗಳ ಲೋಕದಲ್ಲಿ ಬ್ಯಾಡ್ಜರ್ ಕೂದಲಿಗೆ ಎಷ್ಟು ದೊಡ್ಡ ಸ್ಥಾನ ಅಂದರೆ ಫ್ರೆಂಚ್ ಭಾಷೆಯಲ್ಲಿ ಆ ಪ್ರಾಣಿಗೂ ಶೇವಿಂಗ್ ಬ್ರಷ್‌ಗೂ ಒಂದೇ ಪದ, ‘ಬ್ಲೆರೋ’. ಪ್ಯಾರಿಸ್ಸಿನ ಪ್ಲಿಸ್ಸೋ ಕಂಪನಿ 1808ರದ್ದು.

ಇದರ ಗುಣ ಏನು? ಹಂದಿ ಕೂದಲು ನೀರನ್ನು ಒಳಗೆ ಕುಡಿದರೆ, ಬ್ಯಾಡ್ಜರ್ ಕೂದಲು ನೀರನ್ನು ಎಳೆಗಳ ನಡುವೆ ಹಿಡಿದಿಡುತ್ತದೆ. ಬಹಳ ನೀರು ಹಿಡಿಯುತ್ತದೆ, ಬಿಸಿ ಆರದ ಹಾಗೆ ಇಟ್ಟುಕೊಳ್ಳುತ್ತದೆ. ತುದಿ ತುಂಬ ನುಣುಪು. ಹದಕ್ಕೆ ಬರಲು ಹೆಚ್ಚು ದಿನ ಬೇಡ. ಇದರಲ್ಲಿ ‘ಪ್ಯೂರ್’, ‘ಬೆಸ್ಟ್’, ‘ಸೂಪರ್’, ‘ಸಿಲ್ವರ್‌ಟಿಪ್’ ಅಂತ ದರ್ಜೆಗಳನ್ನು ಹೇಳುತ್ತಾರೆ. ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬರ ‘ಬೆಸ್ಟ್’ ಇನ್ನೊಬ್ಬರ ‘ಸೂಪರ್’ ಆಗಿರಬಹುದು. ‘ಪ್ಯೂರ್’ ಅಂತ ಕೇಳಿದರೆ ಉತ್ತಮ ಅನ್ನಿಸುತ್ತದೆ, ಅದು ಸಾಮಾನ್ಯವಾಗಿ ಕೆಳಗಿನ ದರ್ಜೆ.

ನಾನು ಇವತ್ತು ಬ್ಯಾಡ್ಜರ್ ಬ್ರಷ್ ತಂದಿಲ್ಲ. ನನ್ನ ಹತ್ತಿರ ಇಲ್ಲ, ಇನ್ನು ಕೊಳ್ಳುವುದೂ ಇಲ್ಲ. ಕಾರಣ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಬ್ಯಾಡ್ಜರ್‌ಗೆ 1992ರ ಕಾನೂನಿನ ರಕ್ಷಣೆ ಇದೆ, ಪರವಾನಗಿ ಇಲ್ಲದೆ ಕೊಲ್ಲುವ ಹಾಗಿಲ್ಲ. ಹಾಗಾದರೆ ಇಂಗ್ಲೆಂಡಿನ ಹೆಸರಾಂತ ಬ್ರಷ್‌ಗಳಿಗೆ ಕೂದಲು ಎಲ್ಲಿಂದ? ಬಹುಪಾಲು ಚೀನಾದಿಂದ. ಅಲ್ಲಿ ಕಾಡಿನಲ್ಲಿ ಹಿಡಿದದ್ದೂ ಇದೆ, ಗೂಡಿನಲ್ಲಿ ಸಾಕಿ ಕೊಂದದ್ದೂ ಇದೆ. ಕುರಿಯ ಉಣ್ಣೆಯ ಹಾಗೆ ಕತ್ತರಿಸಿ ಬಿಟ್ಟುಬಿಡುವುದಲ್ಲ ಇದು, ಕೊಂದ ಪ್ರಾಣಿಯ ಚರ್ಮದಿಂದ ತೆಗೆದ ಕೂದಲು. ರಾತ್ರಿ ಹೊತ್ತು ಮೈಲಿಗಟ್ಟಲೆ ಓಡಾಡುವ, ನೆಲದೊಳಗೆ ಸಂಸಾರ ಮಾಡುವ ಪ್ರಾಣಿಯನ್ನು ತಂತಿ ಗೂಡಿನಲ್ಲಿ ಕೂಡಿಹಾಕಿದ್ದನ್ನು ನೆನೆದರೆ ನನಗೆ ಆ ನುಣುಪು ಬೇಡ ಅನ್ನಿಸುತ್ತದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಈಗಾಗಲೇ ಇದ್ದರೆ ಎಸೆಯಬೇಡಿ, ಚೆನ್ನಾಗಿ ನೋಡಿಕೊಳ್ಳಿ, ಇಪ್ಪತ್ತು ವರ್ಷ ಬಾಳುತ್ತದೆ. ಹೊಸದು ಕೊಳ್ಳುವಾಗ ಮಾತ್ರ ಯೋಚನೆ ಮಾಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಚಿತ್ರಕಲೆಯ ಬ್ರಷ್‌ಗಳಿಗಾಗಿ ಮುಂಗುಸಿಗಳನ್ನು ಕೊಲ್ಲುತ್ತಾ ಬಂದಿದ್ದಾರೆ. 1972ರ ವನ್ಯಜೀವಿ ಕಾಯ್ದೆಯಡಿ ಮುಂಗುಸಿ ರಕ್ಷಿತ ಪ್ರಾಣಿ. ಅದರ ಕೂದಲಿನ ಬ್ರಷ್ ಮಾರುವುದು ಅಪರಾಧ. ಮಕ್ಕಳಿಗೆ ಡ್ರಾಯಿಂಗ್ ಬ್ರಷ್ ಕೊಡಿಸುವಾಗಲೂ ‘ಇದು ಯಾವ ಕೂದಲು’ ಅಂತ ಕೇಳುವ ಅಭ್ಯಾಸ ಇರಲಿ.

ಮೂರನೆಯದು ಕುದುರೆ ಕೂದಲು. ಬಾಲದ ಮತ್ತು ಜೂಲಿನ ಕೂದಲು ಸೇರಿಸಿ ಮಾಡಿದ್ದು. ಬಾಲದ ಕೂದಲು ಗಟ್ಟಿ, ಜೂಲಿನದ್ದು ಮೆತ್ತಗೆ, ಎರಡನ್ನೂ ಬೆರೆಸುವ ಪ್ರಮಾಣದ ಮೇಲೆ ಬ್ರಷ್‌ನ ಬಿಗಿ ನಿಲ್ಲುತ್ತದೆ. ಒತ್ತಿದರೆ ಹಂದಿಗಿಂತ ಮೆತ್ತಗೆ, ಆದರೆ ಮುಂಗೈ ಮೇಲೆ ಸಣ್ಣಗೆ ಕೆರೆದಂತೆ ಅನ್ನಿಸುತ್ತದೆ. ಆ ಕೆರೆತ ಕೆಲವರಿಗೆ ತುಂಬ ಇಷ್ಟ. ನೆನೆಹಾಕಲು ಒಂದು ನಿಮಿಷ ಸಾಕು. ಸ್ಪೇನಿನಲ್ಲಿ ಇದಕ್ಕೆ ಹಳೆಯ ಬಳಕೆ ಇದೆ. ಕುದುರೆಯನ್ನು ಕೊಲ್ಲದೆ, ಬಾಲ ಜೂಲು ಕತ್ತರಿಸಿಯೇ ಈ ಕೂದಲು ತೆಗೆಯಬಹುದು ಅನ್ನುವುದು ಇದರ ದೊಡ್ಡ ಗುಣ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ತರಿಸಿಕೊಳ್ಳಬೇಕು.

ಇಷ್ಟು ಒಳ್ಳೆಯ ಕೂದಲು ಯಾಕೆ ಮೂಲೆಗೆ ಸೇರಿತು? ಅದಕ್ಕೊಂದು ಭಯಾನಕ ಕಥೆ ಇದೆ. ಮೊದಲ ಮಹಾಯುದ್ಧದ ಮುಂಚೆ ಬ್ರಷ್‌ಗೆ ಬೇಕಾದ ಕೂದಲು ಯುರೋಪಿನಲ್ಲಿ ಶುದ್ಧಿಯಾಗಿ ಬರುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಕಡಿದುಹೋಯಿತು. ಬ್ಯಾಡ್ಜರ್ ಕೂದಲು ಸಿಗದಾಯಿತು. ಅದೇ ಹೊತ್ತಿಗೆ ಸೈನಿಕರೆಲ್ಲ ನುಣ್ಣಗೆ ಶೇವ್ ಮಾಡಬೇಕಾಗಿತ್ತು, ಯಾಕೆಂದರೆ ವಿಷಾನಿಲ ತಡೆಯುವ ಮುಖವಾಡ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ. ಲಕ್ಷಗಟ್ಟಲೆ ಬ್ರಷ್ ಬೇಕು, ಕೂದಲಿಲ್ಲ. ಆಗ ಏಷ್ಯಾದಿಂದ ಬಂದ ಅಗ್ಗದ ಕುದುರೆ ಕೂದಲಿಗೆ ಬ್ಯಾಡ್ಜರ್ ವೇಷ ಹಾಕಿ ಬ್ರಷ್ ಮಾಡಿದರು. ನಮ್ಮ ಎರಡನೇ ನಂಬರಿನ ಹಾಗೆಯೇ. ಆದರೆ ಆ ಕೂದಲನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ಅದರಲ್ಲಿ ಆಂಥ್ರಾಕ್ಸ್ ರೋಗಾಣು ಇತ್ತು.

ಆಂಥ್ರಾಕ್ಸ್ ಅಂದರೆ ನಮ್ಮ ದನ ಕುರಿಗಳಿಗೆ ಬರುತ್ತದಲ್ಲ, ನೆರಡಿ ರೋಗ, ಅದೇ. ಅದರ ಬೀಜಕಣಗಳು ಒಣ ಕೂದಲಿನಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಶೇವ್ ಮಾಡುವಾಗ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಬ್ರಷ್ ಆ ಕಣಗಳನ್ನು ಅಲ್ಲಿಗೇ ಉಜ್ಜಿ ಒಳಗೆ ತಳ್ಳಿತು. ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರು, ಸಾಮಾನ್ಯ ಜನರು ಸೇರಿ 200ಕ್ಕೂ ಹೆಚ್ಚು ಮಂದಿಗೆ ಹೀಗೆ ರೋಗ ತಗುಲಿತು, ಎಷ್ಟೋ ಜನ ಸತ್ತರು. ಪೆನಿಸಿಲಿನ್ ಇನ್ನೂ ಇಲ್ಲದ ಕಾಲ. 1920ರಲ್ಲಿ ಬ್ರಿಟನ್ ಜಪಾನಿನಿಂದ ಶೇವಿಂಗ್ ಬ್ರಷ್ ತರಿಸುವುದನ್ನೇ ನಿಷೇಧಿಸಿತು. ಕುದುರೆ ಕೂದಲಿಗೆ ಅಂಟಿದ ಕೆಟ್ಟ ಹೆಸರು ಬಹಳ ಕಾಲ ಹೋಗಲಿಲ್ಲ.

ಇವತ್ತು ಹೆಸರಿರುವ ತಯಾರಕರ ಕೂದಲು ಶುದ್ಧಿಯಾಗಿಯೇ ಬರುತ್ತದೆ, ಹೆದರಬೇಕಿಲ್ಲ. ಆದರೆ ಸಂತೆಯಲ್ಲಿ, ಗುಜರಿಯಲ್ಲಿ ನೂರು ವರ್ಷ ಹಳೆಯ ಬ್ರಷ್ ಸಿಕ್ಕಿದರೆ, ಹಿಡಿ ದಂತದ ಹಾಗಿದೆ, ಚೆಂದ ಇದೆ ಅಂತ ಹಾಗೇ ಮುಖಕ್ಕೆ ಹಚ್ಚಬೇಡಿ. ಕೂದಲು ತೆಗೆಸಿ ಹೊಸದು ಹಾಕಿಸಿ. ಹಳೆಯ ವಸ್ತು ಸಂಗ್ರಹಿಸುವ ಗೆಳೆಯರಿಗೆ ಇದನ್ನು ದಯವಿಟ್ಟು ಹೇಳಿ.

ನಾಲ್ಕನೆಯದು ಎಲ್ಲರಿಗೂ ಇಷ್ಟವಾಗಿದೆ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಬೆಕ್ಕಿನ ಮೈ ಸವರಿದ ಹಾಗಿದೆ. ಅದು ಯಾವ ಪ್ರಾಣಿಯದ್ದೂ ಅಲ್ಲ. ಕಾರ್ಖಾನೆಯಲ್ಲಿ ಮಾಡಿದ ಎಳೆ.

ನಮ್ಮಲ್ಲಿ ಅನೇಕರಿಗೆ ‘ನೈಲಾನ್ ಬ್ರಷ್’ ಅಂದರೆ ಅಪ್ಪನ ಕಾಲದ ಕೆಂಪು ಪ್ಲಾಸ್ಟಿಕ್ ಹಿಡಿಯ ಬ್ರಷ್ ನೆನಪಾಗುತ್ತದೆ. ಬಿಳಿ ಎಳೆ, ತುದಿ ಸಮವಾಗಿ ಕತ್ತರಿಸಿದ್ದು. ಮುಖಕ್ಕೆ ಹಚ್ಚಿದರೆ ಪಾತ್ರೆ ಉಜ್ಜಿದ ಹಾಗೆ. ನೀರು ನಿಲ್ಲುತ್ತಲೇ ಇರಲಿಲ್ಲ, ಮೊಣಕೈ ತನಕ ಇಳಿಯುತ್ತಿತ್ತು. ನೈಲಾನ್ ಎಳೆಯ ಹಲ್ಲುಜ್ಜುವ ಬ್ರಷ್ 1938ರಲ್ಲಿ ಬಂತು. ಹಲ್ಲಿಗೆ ಸರಿಹೋದ ಆ ಎಳೆ ಗಡ್ಡಕ್ಕೆ ಸರಿಹೋಗಲಿಲ್ಲ. ಎಳೆ ಬುಡದಿಂದ ತುದಿಯ ತನಕ ಒಂದೇ ದಪ್ಪ ಇದ್ದದ್ದು ಅದರ ದೋಷ.

ಈಗಿನ ಎಳೆ ಬೇರೆ. ಹೆಚ್ಚಾಗಿ ಪಿ.ಬಿ.ಟಿ. ಅನ್ನುವ ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್. ಎಳೆಗಳ ತುದಿಯನ್ನು ರಾಸಾಯನಿಕದಲ್ಲಿ ಅದ್ದಿ ಸವೆಸುತ್ತಾರೆ. ತುದಿ ಕೂದಲಿಗಿಂತ ಸಣ್ಣಗೆ ಮೊನಚಾಗುತ್ತದೆ, ಆದರೆ ಚುಚ್ಚುವುದಿಲ್ಲ, ಬಾಗುತ್ತದೆ. ನೀರು ಎಳೆಯ ಒಳಗೆ ಹೋಗುವುದೇ ಇಲ್ಲ ಎನ್ನಬಹುದು, ಸಣ್ಣ ತುದಿಗಳ ದಟ್ಟಣೆಯಲ್ಲೇ ನಿಲ್ಲುತ್ತದೆ. ಹಾಗಾಗಿ ನೆನೆಹಾಕುವುದು ಬೇಡ. ನಲ್ಲಿಯ ಕೆಳಗೆ ಹಿಡಿದು, ಎರಡು ಸಲ ಕೊಡವಿ, ಕೆಲಸ ಶುರು ಮಾಡಬಹುದು. ಸೋಪನ್ನು ಕುಡಿಯುವುದಿಲ್ಲ, ಕಡಿಮೆ ಕ್ರೀಮಿನಲ್ಲಿ ಜಾಸ್ತಿ ನೊರೆ ಬರುತ್ತದೆ. ಜರ್ಮನಿಯ ಸ್ಯಾಕ್ಸನಿಯಲ್ಲಿ 1945ರಲ್ಲಿ ಶುರುವಾದ ಮ್ಯೂಲೆ ಕಂಪನಿ ಈ ದಾರಿಯಲ್ಲಿ ಮುಂದೆ ಹೋದವರಲ್ಲಿ ಒಂದು. ಈಗ ನಮ್ಮ ದೇಶದಲ್ಲೂ ಒಳ್ಳೆಯವು ಸಿಗುತ್ತವೆ.

ಒಂದು ತಾಪತ್ರಯ ಇದೆ, ಬಳಸಿದ ಮೊದಲ ವಾರವೇ ಗೊತ್ತಾಗುತ್ತದೆ. ಈ ಎಳೆಗಳಿಗೆ ಪುಟಿಯುವ ಗುಣ ಜಾಸ್ತಿ. ಜೋರಾಗಿ ತಿರುಗಿಸಿದರೆ ನೊರೆ ಕನ್ನಡಿಗೆ ಹಾರುತ್ತದೆ. ನಿಧಾನಕ್ಕೆ, ಸಣ್ಣ ಸುತ್ತು ಹಾಕಬೇಕು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಇದು ಪ್ಲಾಸ್ಟಿಕ್. ಮಣ್ಣಿಗೆ ಸೇರಿದರೆ ಕೊಳೆಯುವುದಿಲ್ಲ. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ವರ್ಷಕ್ಕೊಂದು ಕೊಂಡು ಎಸೆಯಬೇಡಿ. ಒಂದು ಒಳ್ಳೆಯದನ್ನು ಕೊಂಡು ಹತ್ತು ವರ್ಷ ಬಳಸಿ.

ಈಗ ನಮ್ಮ ಊರುಗಳಿಗೆ ಬರೋಣ. ಶಿರಸಿ, ತೀರ್ಥಹಳ್ಳಿ, ಮಂಗಳೂರು ಕಡೆ ಮಳೆಗಾಲದಲ್ಲಿ ಒಗೆದ ಪಂಚೆಯೇ ಮೂರು ದಿನ ಒಣಗುವುದಿಲ್ಲ. ಅಲ್ಲಿ ಹಂದಿ ಕೂದಲಿನ ಬ್ರಷ್ ಇವತ್ತು ಬಳಸಿ ನಾಳೆ ಮುಟ್ಟಿದರೆ ಬುಡ ಇನ್ನೂ ಹಸಿ. ನಾಲ್ಕು ದಿನ ಬಿಟ್ಟರೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ಪ್ರಾಣಿ ಕೂದಲೇ ಬೇಕು ಅನ್ನುವವರು ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಬೇಕು. ಕಾರ್ಖಾನೆ ಎಳೆಯದ್ದಾದರೆ ಚೆನ್ನಾಗಿ ಕೊಡವಿದರೆ ಬೇಗ ಒಣಗುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲೂ ಇದೇ ಅನುಕೂಲ, ಗಸಿ ಕೂತರೂ ತೊಳೆದರೆ ಬಿಟ್ಟುಹೋಗುತ್ತದೆ. ಬಸ್ಸು ರೈಲಿನಲ್ಲಿ ಜಾಸ್ತಿ ಓಡಾಡುವವರು, ಬೆಳಿಗ್ಗೆ ಹತ್ತೇ ನಿಮಿಷ ಇರುವವರು, ಮೊದಲ ಸಲ ಬ್ರಷ್ ಹಿಡಿಯುವ ಹುಡುಗರು, ಮೊಡವೆ ಇರುವವರು, ಚರ್ಮ ಬೇಗ ಕೆಂಪಾಗುವವರು, ಎಲ್ಲರಿಗೂ ನಾನು ನಾಲ್ಕನೆಯದನ್ನೇ ಹೇಳುತ್ತೇನೆ. ನನ್ನ ದಿನದ ಬ್ರಷ್ ಕೂಡ ಅದೇ. ಭಾನುವಾರ, ಹೊತ್ತು ಇದ್ದಾಗ, ಒಂದನೇ ನಂಬರನ್ನು ನೆನೆಹಾಕುತ್ತೇನೆ. ಆರು ವರ್ಷ ಬಳಸಿದ ಆ ಹಂದಿ ಕೂದಲಿನ ತುದಿ ಈಗ ಹತ್ತಿಯ ಹಾಗಾಗಿದೆ, ಒದ್ದೆ ಮಾಡಿ ಮುಟ್ಟಿದರೆ ನಿಮಗೆ ನಂಬಿಕೆ ಬರುವುದಿಲ್ಲ. ಹೊರಗೆ ಒಂದು ಲೋಟ ನೀರು ಇಟ್ಟಿದ್ದೇನೆ, ಹೋಗುವಾಗ ಮುಟ್ಟಿ ನೋಡಿ.

ಯಾವ ಕೂದಲೇ ಆಗಲಿ, ತುದಿ ನೋಡಿ ಕೊಳ್ಳಿ. ಒಳ್ಳೆಯ ಬ್ರಷ್‌ನಲ್ಲಿ ಕೂದಲಿನ ತುದಿಗೆ ಕತ್ತರಿ ತಾಗಿರುವುದಿಲ್ಲ. ಕೂದಲನ್ನು ಅಚ್ಚಿನಲ್ಲಿ ತುದಿ ಕೆಳಗೆ ಮಾಡಿ ಇಳಿಸಿ, ಗುಂಡಗೆ ಆಕಾರ ಬರಿಸಿ, ಬುಡ ಕಟ್ಟಿ, ಹೆಚ್ಚಾದದ್ದನ್ನು ಬುಡದಲ್ಲೇ ಕತ್ತರಿಸುತ್ತಾರೆ. ಕಳಪೆ ಬ್ರಷ್‌ನಲ್ಲಿ ಆಕಾರಕ್ಕಾಗಿ ತುದಿಯನ್ನೇ ಕತ್ತರಿಸುತ್ತಾರೆ. ಕತ್ತರಿಸಿದ ಕೂದಲು ಕಡಿದ ರಾಗಿ ಕೂಳೆಯ ಹಾಗೆ, ಎಷ್ಟು ವರ್ಷ ಬಳಸಿದರೂ ಚುಚ್ಚುತ್ತದೆ. ಬ್ಯಾಡ್ಜರ್ ಆದರೂ ಅಷ್ಟೇ, ಪ್ಲಾಸ್ಟಿಕ್ ಆದರೂ ಅಷ್ಟೇ.

ಅಳತೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕುಚ್ಚಿನ ಬುಡ 22ರಿಂದ 24 ಮಿಲಿಮೀಟರ್, ಕೂದಲಿನ ಎತ್ತರ 50ರ ಆಸುಪಾಸು ಇದ್ದರೆ ಹೆಚ್ಚಿನವರಿಗೆ ಸರಿ. ಮುಖದ ಮೇಲೇ ನೊರೆ ಎಬ್ಬಿಸುವವರಿಗೆ ಗಿಡ್ಡ, ಬಿಗಿಯಾದ ಕುಚ್ಚು. ಬಟ್ಟಲಿನಲ್ಲಿ ನೊರೆ ಮಾಡಿಕೊಳ್ಳುವವರಿಗೆ ಸ್ವಲ್ಪ ಉದ್ದ. ಹಂದಿ ಕೂದಲಿನವು ಸಾಮಾನ್ಯವಾಗಿ ಉದ್ದವೇ ಇರುತ್ತವೆ, ಗಿಡ್ಡ ಮಾಡಿದರೆ ತೀರಾ ಗಟ್ಟಿ.

ಕುದಿಯುವ ನೀರಿಗೆ ಬ್ರಷ್ ಹಾಕಬೇಡಿ. ಕೂದಲೂ ಹಾಳು, ಬುಡದ ಅಂಟೂ ಸಡಿಲ. ಕೈಗೆ ಹಿತವಾಗುವಷ್ಟು ಬಿಸಿ ಸಾಕು. ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ, ಮೆಲ್ಲಗೆ ಅದುಮಿ ಕೊಡವಿ. ಮುಖಕ್ಕೆ ಒತ್ತಿ ಚಪ್ಪಟೆ ಮಾಡಬೇಡಿ, ನಡುವಿನ ಕೂದಲು ಬುಡದಲ್ಲಿ ಮುರಿದು ಕುಳಿ ಬೀಳುತ್ತದೆ. ಬಳಸಿದ ಮೇಲೆ ಮುಚ್ಚಳ ಹಾಕಿದ ಡಬ್ಬಿಯಲ್ಲಿ ಇಡಬೇಡಿ, ಗಾಳಿಗೆ ಇಡಿ. ಬೋರ್‌ವೆಲ್ ನೀರಿನವರು ತಿಂಗಳಿಗೊಮ್ಮೆ ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಐದು ನಿಮಿಷ ಅದ್ದಿ ತೊಳೆದರೆ ಗಸಿ ಬಿಡುತ್ತದೆ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬಾರದು. ಅಪ್ಪ ಮಗ ಆದರೂ ಬೇರೆ ಬೇರೆ ಇರಲಿ.

ಕೊನೆಗೆ ಹಿರಿಯರೊಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ಅವರ ತಂದೆಯ ಬ್ರಷ್ ಇದೆಯಂತೆ, ಹಿತ್ತಾಳೆಯ ಹಿಡಿ, ಕೂದಲೆಲ್ಲ ಉದುರಿದೆ, ಎಸೆಯಲು ಮನಸ್ಸು ಬರುತ್ತಿಲ್ಲ, ಏನು ಮಾಡುವುದು ಅಂತ. ಎಸೆಯಬೇಡಿ ಸರ್. ಕುಚ್ಚು ಬಿಡಿಯಾಗಿ ಸಿಗುತ್ತದೆ. ಹಳೆಯ ಕೂದಲನ್ನು ಬುಡಕ್ಕೆ ಕತ್ತರಿಸಿ, ಉಳಿದ ಅಂಟನ್ನು ಡ್ರಿಲ್ಲಿನಿಂದ ನಿಧಾನಕ್ಕೆ ಕೊರೆದು ತೆಗೆಯಬೇಕು. ಹಳೆಯ ಕೂದಲಾದ್ದರಿಂದ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ, ಕೂದಲನ್ನು ಮೊದಲೇ ಒದ್ದೆ ಮಾಡಿಕೊಳ್ಳಿ, ಧೂಳು ಏಳಬಾರದು. ಆಮೇಲೆ ಕುಳಿಯ ಅಗಲ, ಆಳ ಎರಡನ್ನೂ ಅಳೆಯಿರಿ. ನಾಲ್ಕನೇ ನಂಬರಿನ ಬ್ರಷ್ ನಿಮ್ಮ ಕೈಗೆ ಬಂದಾಗ ಹಿಡಿ ಹಳೆಯದು ಅಂತ ಗಮನಿಸಿದಿರಾ? ಅದು ನಮ್ಮಪ್ಪನದ್ದು. ಕುಳಿ 20 ಮಿಲಿಮೀಟರ್ ಇತ್ತು, 20ರದ್ದೇ ಕುಚ್ಚು ತರಿಸಿದೆ. ಅಂಟಿಸುವ ಮೊದಲು ಒಣಗಿದ್ದಾಗಲೇ ಕೂರಿಸಿ ಎತ್ತರ ನೋಡಿಕೊಳ್ಳಿ, ಕಡಿಮೆಯಾದರೆ ಕುಳಿಯ ತಳಕ್ಕೆ ಒಂದೆರಡು ವಾಷರ್ ಹಾಕಿ. ನೀರು ತಡೆಯುವ ಎಪಾಕ್ಸಿ ಅಂಟು ಹಾಕಿ, ನೆಟ್ಟಗೆ ನಿಲ್ಲಿಸಿ, ಒಂದು ದಿನ ಪೂರ್ತಿ ಮುಟ್ಟದೆ ಬಿಡಿ. ಮಾರನೇ ದಿನ ಬೆಳಿಗ್ಗೆ ಅದರಲ್ಲೇ ಶೇವ್ ಮಾಡಬಹುದು.